‘ಕರ್ನಾಟಕಿ’ ಎಂದು ಕರೆಸಿಕೊಂಡ ಬೀಳಗಿಯ ಹೆಣ್ಣುಮಗಳು

ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ದಾದಿಯೋ ನಾನಿಯೋ ಇದ್ದರೆ ಒಮ್ಮೆ ಅವರ ಬಳಿ ಕುಳಿತು ‘ಅಮೀರ್‌ಬಾಯಿ’ ಎಂಬ ಹೆಸರು ಹೇಳಿ ನೋಡಿ. ರೇಡಿಯೋ ಇದ್ದ ಮನೆಯಲ್ಲಿ ಬೆಳೆದವರಾದರೆ ಅವರ ಮುಖ ತಟ್ಟನೆ ಅರಳುತ್ತದೆ. ಜಮಖಂಡಿ, ಮುಧೋಳ, ಹುನ್ನೂರ, ಬನಹಟ್ಟಿಯ ಕಡೆಯವರಾದರೆ ಇನ್ನೊಂದು ಮಾತನ್ನೂ ಸೇರಿಸುತ್ತಾರೆ: “ಆಕಿ ನಮ್ಮ ಬೀಳಗಿಯಾಕಿ.”

ಹೌದು, ಹಿಂದಿ ಚಿತ್ರರಂಗದಲ್ಲಿ ಲತಾ ಮಂಗೇಶ್ಕರ್ ಅವರ ಹೆಸರು ಕೇಳಿಬರುವುದಕ್ಕಿಂತ ಮೊದಲು ದೇಶವಿಡೀ ಕಿವಿಗೊಟ್ಟು ಕೇಳುತ್ತಿದ್ದ ದನಿಗಳಲ್ಲಿ ಒಂದು ನಮ್ಮ ಬೀಳಗಿಯದು. ಕೃಷ್ಣೆಯ ದಂಡೆಗೆ ಹತ್ತಿರದ ಈ ಸಣ್ಣ ಊರು ಅಂದು ವಿಜಾಪುರ ಜಿಲ್ಲೆಯಲ್ಲಿತ್ತು. 1997ರಲ್ಲಿ ಬಾಗಲಕೋಟೆ ಹೊಸ ಜಿಲ್ಲೆಯಾದಾಗ ಅದಕ್ಕೆ ಸೇರಿತು. ಬೀಳಗಿ ಎಂದರೆ ಅರೆತ್ತಿನ ಬಾವಿಯನ್ನು ನೆನೆಯುವವರುಂಟು, ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಹೊಲಗಳನ್ನು ನೆನೆಯುವವರುಂಟು. ಆದರೆ ಅಮೀರ್‌ಬಾಯಿಯನ್ನು ನೆನೆಯುವವರು ಎಷ್ಟು ಮಂದಿ?

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಹುಟ್ಟಿದ ಅಮೀರ್‌ಬಾಯಿಯದು ಹಾಡು ಮತ್ತು ನಾಟಕದ ನಂಟಿದ್ದ ಕುಟುಂಬ. ಮನೆತುಂಬ ಅಕ್ಕತಂಗಿಯರು. ಅವರಲ್ಲಿ ಇಬ್ಬರು ಊರ ಗಡಿ ದಾಟಿ ಹೆಸರು ಮಾಡಿದರು: ಅಕ್ಕ ಗೋಹರ್‌ಬಾಯಿ ಮತ್ತು ತಂಗಿ ಅಮೀರ್‌ಬಾಯಿ. ಗೋಹರ್ ಎಂಬ ಹೆಸರು ಕೇಳಿದೊಡನೆ ಗೊಂದಲ ಮಾಡಿಕೊಳ್ಳಬೇಡಿ. ಆ ಕಾಲದಲ್ಲಿ ಈ ಹೆಸರಿನ ಮೂವರು ಪ್ರಸಿದ್ಧ ಕಲಾವಿದೆಯರಿದ್ದರು. 1902ರಲ್ಲೇ ಗ್ರಾಮಫೋನ್ ತಟ್ಟೆಗೆ ಹಾಡಿ, ಕೊನೆಗೆ ಮೈಸೂರಿಗೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡ ಕಲಕತ್ತೆಯ ಗೋಹರ್ ಜಾನ್ ಒಬ್ಬರು. ಮುಂಬಯಿಯ ರಣಜಿತ್ ಮೂವಿಟೋನ್ ಸಂಸ್ಥೆಯ ತಾರೆ ಮಿಸ್ ಗೋಹರ್ ಇನ್ನೊಬ್ಬರು. ಮೂರನೆಯವರೇ ನಮ್ಮ ಬೀಳಗಿಯ ಗೋಹರ್‌ಬಾಯಿ ಕರ್ನಾಟಕಿ.

ಬೀಳಗಿಯಂತಹ ಊರಲ್ಲಿ ಹಿಂದೂಸ್ಥಾನಿ ಸಂಗೀತ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಮ್ಮ ಈ ಸೀಮೆ ಸಂಗೀತಕ್ಕೆ ಹೊಸದಲ್ಲ. ವಿಜಾಪುರದ ಸುಲ್ತಾನ ಎರಡನೇ ಇಬ್ರಾಹೀಮ್ ಆದಿಲ್‌ಶಾಹಿ ಸ್ವತಃ ಹಾಡುಗಳನ್ನು ರಚಿಸಿ, ರಾಗಗಳ ಹೆಸರಿನಡಿ ಜೋಡಿಸಿ ‘ಕಿತಾಬ್-ಎ-ನವರಸ್’ ಎಂಬ ಗ್ರಂಥ ಮಾಡಿದವನು. ಅರಸೊತ್ತಿಗೆ ಹೋಯಿತು, ಹಾಡು ಉಳಿಯಿತು. ಮೊಹರಮ್ ಬಂದರೆ ಅಲಾವಿಯ ಸುತ್ತ ರಿವಾಯತ್ ಪದಗಳು. ಸುಗ್ಗಿ ಮುಗಿದರೆ ರಾತ್ರಿಯಿಡೀ ಕೃಷ್ಣ ಪಾರಿಜಾತ. ಅದನ್ನು ಹಾಡುವವರೂ ಕೇಳುವವರೂ ಯಾವ ಜಾತಿ, ಯಾವ ಧರ್ಮ ಎಂದು ಯಾರೂ ಲೆಕ್ಕ ಇಟ್ಟಿರಲಿಲ್ಲ.

ಇದರ ಮೇಲೆ ಮಿರಜದ ಗಾಳಿ ಬೀಸಿತು. ಉತ್ತರ ಪ್ರದೇಶದ ಕೈರಾನಾದಲ್ಲಿ 1872ರಲ್ಲಿ ಹುಟ್ಟಿದ ಉಸ್ತಾದ್ ಅಬ್ದುಲ್ ಕರೀಮ್ ಖಾನ್ ಸಾಹೇಬರು ಮಿರಜದಲ್ಲಿ ನೆಲೆಸಿದರು. ಮೈಸೂರು ಅರಮನೆಗೆ ಹೋಗಿ ಬರುವಾಗ ಹುಬ್ಬಳ್ಳಿ-ಧಾರವಾಡದಲ್ಲಿ ತಂಗುತ್ತಿದ್ದರು. ಕುಂದಗೋಳದ ರಾಮಭಾವು, ಅಂದರೆ ಮುಂದೆ ಸವಾಯಿ ಗಂಧರ್ವರೆಂದು ಹೆಸರಾದವರು, ಅವರ ಶಿಷ್ಯ. 1937ರಲ್ಲಿ ಮದ್ರಾಸ್ ಕಡೆಯ ಪ್ರಯಾಣದ ನಡುವೆ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ಇಳಿದು ಖಾನ್ ಸಾಹೇಬರು ಪ್ರಾಣಬಿಟ್ಟಾಗ ಅವರ ದೇಹವನ್ನು ಮಿರಜಕ್ಕೇ ತಂದು ಮೀರಾಸಾಹೇಬರ ದರ್ಗಾದ ಆವರಣದಲ್ಲಿ ದಫನ್ ಮಾಡಲಾಯಿತು.

ಆದರೆ ಹಳ್ಳಿಯ ಮಕ್ಕಳಿಗೆ ರಾಗವನ್ನು ಮುಟ್ಟಿಸಿದ್ದು ದೊಡ್ಡ ಉಸ್ತಾದರಿಗಿಂತ ಹೆಚ್ಚಾಗಿ ನಾಟಕ ಕಂಪನಿಗಳು ಎಂದೇ ನನ್ನ ಅನಿಸಿಕೆ. ಗರುಡ ಸದಾಶಿವರಾಯರ ಕಂಪನಿ, ವಾಮನರಾವ್ ಮಾಸ್ತರರ ಕಂಪನಿ, ಕೊಣ್ಣೂರಿನ ಕಂಪನಿ ಹೀಗೆ ಊರೂರು ತಿರುಗುತ್ತಿದ್ದ ತಂಡಗಳಲ್ಲಿ ಮಾತಿಗಿಂತ ಹಾಡೇ ಹೆಚ್ಚು. ಪಾತ್ರಧಾರಿ ರಂಗದ ಮೇಲೆ ನಿಂತು ಅರ್ಧ ತಾಸು ಒಂದೇ ರಾಗ ವಿಸ್ತರಿಸಿದರೂ ಜನ ಬೇಸರಪಡುತ್ತಿರಲಿಲ್ಲ. ‘ಒನ್ಸ್ ಮೋರ್’ ಎನ್ನುತ್ತಿದ್ದರು. ಮಲ್ಲಿಕಾರ್ಜುನ ಮನಸೂರರು ಬಾಲಕನಾಗಿ ಬೆಳೆದದ್ದು ವಾಮನರಾವ್ ಮಾಸ್ತರರ ಕಂಪನಿಯಲ್ಲಿ. ಗೋಹರ್ ಮತ್ತು ಅಮೀರ್ ಅವರ ದನಿಯಲ್ಲಿದ್ದ ಶಾಸ್ತ್ರೀಯ ಸಂಸ್ಕಾರಕ್ಕೂ ರಂಗಭೂಮಿಯ ಈ ಲೋಕವೇ ತೊಟ್ಟಿಲು.

ಅದೇ ಲೋಕಕ್ಕೆ ಇನ್ನೊಂದು ಮುಖವೂ ಇತ್ತು. ಹಾಡುವ ಹೆಣ್ಣುಮಗಳ ಹಾಡು ಎಲ್ಲರಿಗೂ ಬೇಕು, ಆಕೆ ಮಾತ್ರ ಯಾರಿಗೂ ಬೇಡ. ಹೆಸರಿನ ಹಿಂದೆ ‘ಬಾಯಿ’ ಎಂದಿದ್ದರೆ ಸಾಕು, ಸಮಾಜ ಹುಬ್ಬೇರಿಸುತ್ತಿತ್ತು. 1940ರ ದಶಕದಲ್ಲಿ ಆಕಾಶವಾಣಿ ಕೂಡ ‘ಖಾಸಗಿ ಬದುಕು ಸರಿಯಿಲ್ಲದ’ ಗಾಯಕಿಯರನ್ನು ದೂರವಿಡಬೇಕೆಂಬ ನೀತಿ ತಂದಿತ್ತು. ಅವರ ಹಾಡು ಕೇಳಿ ತಲೆದೂಗಿದ ಗಂಡಸರ ಖಾಸಗಿ ಬದುಕಿನ ಬಗ್ಗೆ ಯಾರೂ ಕೇಳಲಿಲ್ಲ ಎಂಬುದನ್ನು ನೀವೇ ಗಮನಿಸಿ.

ಸಂಗೀತದ ವಿಷಯದಲ್ಲಿ ನಮ್ಮ ಉಲಮಾಗಳಲ್ಲಿ ಭಿನ್ನಾಭಿಪ್ರಾಯಗಳಿವೆ. ಅದನ್ನು ಬಗೆಹರಿಸುವುದು ಈ ಲೇಖನದ ಕೆಲಸವಲ್ಲ, ಅದರ ಯೋಗ್ಯತೆಯೂ ನನಗಿಲ್ಲ. ಓದುಗರಾದ ನೀವು ಯಾವ ನಿಲುವಿನವರೇ ಆಗಿರಿ, ಈ ಹೆಣ್ಣುಮಗಳ ಬದುಕಿನಲ್ಲಿ ಹಾಡಿಗಿಂತ ಹೊರಗಿನ ಸಂಗತಿಗಳೂ ಇವೆ. ಸ್ವಲ್ಪ ತಾಳ್ಮೆಯಿಂದ ಓದಿ.

ಅಕ್ಕನ ದಾರಿ

ಮೊದಲು ಮುಂಬಯಿಯಲ್ಲಿ ಕಾಲೂರಿದವರು ಅಕ್ಕ ಗೋಹರ್. ಅಮೀರ್‌ಬಾಯಿ ಮೆಟ್ರಿಕ್ ತನಕ ಓದಿ, ಹದಿನೈದರ ಪ್ರಾಯದಲ್ಲಿ ಮುಂಬಯಿ ಸೇರಿದರೆಂದು ಆಕೆಯ ಬಗ್ಗೆ ಬರೆದವರು ಹೇಳುತ್ತಾರೆ. ಆ ಕಾಲಕ್ಕೆ, ಆ ಸೀಮೆಯ ಮುಸ್ಲಿಮ್ ಹೆಣ್ಣುಮಗಳೊಬ್ಬಳು ಮೆಟ್ರಿಕ್ ಓದುವುದೆಂದರೆ ಸಣ್ಣ ಮಾತಲ್ಲ. ಮನೆಮಾತು ಕನ್ನಡ, ಉರ್ದು, ಗುಜರಾತಿಯಲ್ಲೂ ಸಲೀಸು. 1934ರಲ್ಲಿ ‘ವಿಷ್ಣುಭಕ್ತಿ’ ಎಂಬ ಚಿತ್ರದಲ್ಲಿ ತಂಗಿಗೆ ಪಾತ್ರ ಕೊಡಿಸಿದವರು ಅಕ್ಕನೇ.

ಗೋಹರ್‌ಬಾಯಿಯ ಬದುಕು ಬೇರೊಂದು ದಾರಿ ಹಿಡಿಯಿತು. ಮರಾಠಿ ರಂಗಭೂಮಿಯ ದೊರೆ ಎನಿಸಿಕೊಂಡಿದ್ದ ಬಾಲಗಂಧರ್ವರ ಹಾಡುಗಾರಿಕೆ ಆಕೆಯನ್ನು ಸೆಳೆಯಿತು. ನಾರಾಯಣ ರಾಜಹಂಸ ಎಂಬ ಈ ನಟ ಹೆಣ್ಣಿನ ಪಾತ್ರಗಳಲ್ಲಿ ಎಷ್ಟು ಪ್ರಸಿದ್ಧರೆಂದರೆ ಅವರು ಉಟ್ಟ ಸೀರೆಯ ರೀತಿಯನ್ನು ಮನೆತನದ ಹೆಂಗಸರು ಅನುಸರಿಸುತ್ತಿದ್ದರು. 1930ರ ದಶಕದ ಕೊನೆಗೆ ಗೋಹರ್ ಅವರ ಕಂಪನಿ ಸೇರಿದರು. ಗಂಡಸು ಹೆಣ್ಣಿನ ವೇಷ ಹಾಕುತ್ತಿದ್ದ ಕಂಪನಿಯಲ್ಲಿ ಹೆಣ್ಣೇ ಹೆಣ್ಣಿನ ಪಾತ್ರ ಮಾಡತೊಡಗಿದಳು. ಬಾಲಗಂಧರ್ವರ ಶೈಲಿಯನ್ನು ಆಕೆ ಚೆನ್ನಾಗಿ ಮೈಗೂಡಿಸಿಕೊಂಡಿದ್ದರು. ಆದರೂ ಪ್ರೇಕ್ಷಕರು ಒಪ್ಪಲಿಲ್ಲ. ಕಂಪನಿ ಅದಾಗಲೇ ಸಾಲದಲ್ಲಿತ್ತು, ಸಿನಿಮಾ ಬಂದು ನಾಟಕಗಳ ಆದಾಯ ಕಸಿದಿತ್ತು. ಆದರೆ ಎಲ್ಲ ದೂರೂ ಬಂದು ಕೂತದ್ದು ಈ ‘ಮುಸಲ್ಮಾನ ಹೆಂಗಸಿನ’ ತಲೆಯ ಮೇಲೆ. ಮೊದಲ ಪತ್ನಿ ತೀರಿಕೊಂಡ ವರ್ಷಗಳ ನಂತರ, 1951ರಲ್ಲಿ ಬಾಲಗಂಧರ್ವರು ಗೋಹರ್‌ರನ್ನು ಮದುವೆಯಾದರು. ಮುಪ್ಪಿನಲ್ಲಿ ಅವರ ಕಾಲುಗಳ ಸ್ವಾಧೀನ ತಪ್ಪಿತು. ಆಗ ಜೊತೆಗಿದ್ದವರು ಗೋಹರ್. 1964ರಲ್ಲಿ ಆಕೆ ತೀರಿಕೊಂಡರು, 1967ರಲ್ಲಿ ಅವರು. ಮರಾಠಿ ರಂಗಭೂಮಿ ಬಾಲಗಂಧರ್ವರ ಹೆಸರಿನಲ್ಲಿ ಪುಣೆಯಲ್ಲಿ ರಂಗಮಂದಿರ ಕಟ್ಟಿದೆ. ಗೋಹರ್‌ಬಾಯಿಯ ಹೆಸರು ಅವರ ಕಥೆಯಲ್ಲಿ ಬಹುಕಾಲ ಒಂದು ದೂರಾಗಿಯೇ ಬಂತು.

ದನಿಗೆ ಬಂದ ಬೆಲೆ

ತಂಗಿ ಅಮೀರ್‌ಬಾಯಿಗೆ ಹೆಸರು ಬರಲು ಸುಮಾರು ಹತ್ತು ವರ್ಷ ಬೇಕಾಯಿತು. ಸಣ್ಣಪುಟ್ಟ ಪಾತ್ರ, ಅಲ್ಲೊಂದು ಇಲ್ಲೊಂದು ಹಾಡು. 1940ರಲ್ಲಿ ವಿಜಯ ಭಟ್ಟರ ‘ನರಸೀ ಭಗತ್’ ಚಿತ್ರ ಬಂತು. ಗಾಂಧೀಜಿಯವರ ಪ್ರಾರ್ಥನಾ ಸಭೆಗಳಲ್ಲಿ ಹಾಡಲಾಗುತ್ತಿದ್ದ ನರಸಿಂಹ ಮೆಹ್ತಾರ ಪ್ರಸಿದ್ಧ ಗುಜರಾತಿ ಭಜನೆಯನ್ನು ಅದರಲ್ಲಿ ವಿಷ್ಣುಪಂತ ಪಾಗ್ನೀಸ್ ಮತ್ತು ಅಮೀರ್‌ಬಾಯಿ ಹಾಡಿದ್ದಾರೆ. ಪರರ ನೋವನ್ನು ಅರಿತವನೇ ಭಕ್ತ ಎನ್ನುವ ಹಾಡು. ಐದುನೂರು ವರ್ಷ ಹಿಂದಿನ ಗುಜರಾತಿ ಸಂತನ ಮಾತು, ಕನ್ನಡ ಮನೆಮಾತಿನ ಮುಸ್ಲಿಮ್ ಹೆಣ್ಣುಮಗಳ ದನಿ. ಅಂದಿನ ಕೇಳುಗರಿಗೆ ಇದರಲ್ಲಿ ವಿಚಿತ್ರವೇನೂ ಕಾಣಿಸಲಿಲ್ಲ.

ಮುಂದೆ ಬಂದದ್ದು 1943ರ ‘ಕಿಸ್ಮತ್’. ಬಾಂಬೆ ಟಾಕೀಸ್‌ನ ಚಿತ್ರ, ಅಶೋಕ್ ಕುಮಾರ್ ನಾಯಕ, ಅನಿಲ್ ಬಿಸ್ವಾಸ್ ಸಂಗೀತ. ನಾಯಕಿ ಮುಮ್ತಾಜ್ ಶಾಂತಿಯ ತುಟಿಯ ಮೇಲೆ ಕೇಳಿದ ದನಿ ಅಮೀರ್‌ಬಾಯಿಯದು. ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಇದು ಮೂರು ವರ್ಷಕ್ಕೂ ಮಿಕ್ಕಿ ಓಡಿತು! ಹಿಂದೂಸ್ಥಾನ ನಮ್ಮದು, ಪರದೇಶದವರೇ ದೂರ ಸರಿಯಿರಿ ಎಂಬ ಅರ್ಥದ ಕವಿ ಪ್ರದೀಪರ ಹಾಡು ಈ ಚಿತ್ರದ್ದೇ. ಕ್ವಿಟ್ ಇಂಡಿಯಾ ಚಳವಳಿಯ ಬಿಸಿ ಇನ್ನೂ ಆರಿರಲಿಲ್ಲ. ಹಾಡಿನಲ್ಲಿ ಜರ್ಮನಿ, ಜಪಾನಿನ ಹೆಸರು ಹಾಕಿ ಸೆನ್ಸಾರ್ ಕಣ್ಣು ತಪ್ಪಿಸಿದ್ದರೂ ಜನರಿಗೆ ಯಾರಿಗೆ ಹೇಳಿದ್ದೆಂದು ಗೊತ್ತಾಯಿತು, ಸರಕಾರಕ್ಕೂ ಗೊತ್ತಾಯಿತು, ಕವಿ ತಲೆಮರೆಸಿಕೊಳ್ಳಬೇಕಾಯಿತು. ಆ ಹಾಡನ್ನು ಹಾಡಿದವರು ಅಮೀರ್‌ಬಾಯಿ ಮತ್ತು ಖಾನ್ ಮಸ್ತಾನಾ. ಸ್ವಾತಂತ್ರ್ಯದ ಹೋರಾಟದಲ್ಲಿ ಮುಸ್ಲಿಮರ ಪಾತ್ರವೇನು ಎಂದು ಯಾರಾದರೂ ನಿಮ್ಮ ಮಕ್ಕಳನ್ನು ಕೇಳಿದರೆ, ದೊಡ್ಡ ಹೆಸರುಗಳ ಜೊತೆಗೆ ಈ ಎರಡು ಹೆಸರನ್ನೂ ಹೇಳಿಕೊಡಿ.

1944ರಲ್ಲಿ ನೌಶಾದರ ‘ರತನ್’, 1947ರಲ್ಲಿ ಸಿ. ರಾಮಚಂದ್ರರ ‘ಶಹನಾಯಿ’. ಜೊಹರಾಬಾಯಿ ಅಂಬಾಲೆವಾಲಿ, ಶಮ್ಶಾದ್ ಬೇಗಮ್, ರಾಜಕುಮಾರಿ ಇವರೆಲ್ಲ ಹಾಡುತ್ತಿದ್ದ ಕಾಲ ಅದು. ಮೂರು ನಿಮಿಷದ ತಟ್ಟೆಯಲ್ಲಿ ಆಲಾಪಕ್ಕೆ ಜಾಗವಿಲ್ಲ, ತಾನಕ್ಕೆ ಪುರುಸೊತ್ತಿಲ್ಲ. ಕಂಪನಿ ನಾಟಕಗಳಲ್ಲಿ ಅರ್ಧ ತಾಸು ಹಾಡುತ್ತಿದ್ದುದರ ಸತ್ವವನ್ನು ಒಂದೆರಡು ಮುರ್ಕಿಗಳಲ್ಲಿ, ಒಂದು ಎಳೆತದಲ್ಲಿ ಹಿಡಿಯಬೇಕು. ಅಮೀರ್‌ಬಾಯಿ ಅದನ್ನು ಮಾಡಿದರು. ಅವರ ದನಿ ಲತಾರ ದನಿಯಂತೆ ತೆಳ್ಳಗಿನದಲ್ಲ. ತುಸು ತೂಕದ, ಎದೆಯಿಂದ ಬರುವ, ನೋವಿನ ಹಾಡಿಗೆ ಹೇಳಿ ಮಾಡಿಸಿದ ದನಿ. ಹಿನ್ನೆಲೆ ಗಾಯಕರಿಗೆ ಹಾಡೊಂದಕ್ಕೆ 500 ರೂಪಾಯಿ ಕೊಡುತ್ತಿದ್ದಾಗ ಅಮೀರ್‌ಬಾಯಿಗೆ 1000 ರೂಪಾಯಿ ಸಿಗುತ್ತಿತ್ತೆಂದು ‘ಫಿಲ್ಮ್ ಇಂಡಿಯಾ’ ಪತ್ರಿಕೆ ಬರೆದಿತ್ತು. 1945ರ ಸುಮಾರಿಗೆ ಒಂದು ತೊಲ ಬಂಗಾರಕ್ಕೆ ನೂರು ರೂಪಾಯಿಯೂ ಇರಲಿಲ್ಲ. ಲೆಕ್ಕ ನೀವೇ ಹಾಕಿ.

1948ರಲ್ಲಿ ‘ಶಹನಾಜ್’ ಎಂಬ ಚಿತ್ರಕ್ಕೆ ಆಕೆಯೇ ಸಂಗೀತ ನಿರ್ದೇಶನವನ್ನೂ ಮಾಡಿದರು. ಜದ್ದನ್‌ಬಾಯಿ, ಸರಸ್ವತಿ ದೇವಿಯವರಂತಹ ಬೆರಳೆಣಿಕೆಯ ಮಹಿಳೆಯರು ಮಾತ್ರ ಅದಕ್ಕೂ ಮುಂಚೆ ಈ ಕೆಲಸ ಮಾಡಿದ್ದರು.

ಗಳಿಕೆ ಯಾರದು?

ಇಷ್ಟು ಗಳಿಸಿದಾಕೆಯ ಮನೆಯೊಳಗೆ ಏನು ನಡೆಯುತ್ತಿತ್ತು? ಅಮೀರ್‌ಬಾಯಿ ಮದುವೆಯಾದದ್ದು ಹಿಮಾಲಯವಾಲಾ ಎಂಬ ಹೆಸರಿನಿಂದ ಖಳ ಪಾತ್ರಗಳಲ್ಲಿ ಹೆಸರಾಗಿದ್ದ ನಟನನ್ನು. ಪರದೆಯ ಮೇಲಿನ ಪಾತ್ರ ಮನೆಗೂ ಬಂತು. ಆತ ಆಕೆಯನ್ನು ಹೊಡೆಯುತ್ತಿದ್ದನೆಂದೂ, ಆಕೆಯ ಗಳಿಕೆಯನ್ನು ತನ್ನದಾಗಿಸಿಕೊಳ್ಳುತ್ತಿದ್ದನೆಂದೂ ಆಕೆಯ ಬದುಕಿನ ಬಗ್ಗೆ ಬರೆದವರು ದಾಖಲಿಸಿದ್ದಾರೆ. ದೇಶದಲ್ಲೇ ಹೆಚ್ಚು ಸಂಭಾವನೆ ಪಡೆಯುವ ಗಾಯಕಿಯರಲ್ಲಿ ಒಬ್ಬಾಕೆ, ತನ್ನ ದುಡ್ಡಿಗೆ ತಾನೇ ಒಡತಿಯಲ್ಲ!

ಸಹೋದರಿಯರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಇಂದಿಗೂ ನಮ್ಮ ಮನೆಗಳಲ್ಲಿ ಶಿಕ್ಷಕಿಯಾಗಿ, ನರ್ಸ್ ಆಗಿ, ಹೊಲಿಗೆ ಯಂತ್ರದ ಮುಂದೆ ಕೂತು, ರಬಕವಿ-ಬನಹಟ್ಟಿಯ ಕಡೆಯಾದರೆ ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತಿ ಗಳಿಸುವ ಹೆಣ್ಣುಮಕ್ಕಳಿದ್ದಾರೆ. ತಿಂಗಳ ಕೊನೆಗೆ ಆ ದುಡ್ಡು ಯಾರ ಕೈ ಸೇರುತ್ತದೆ? ಗಂಡಸಿಗೆ ಆತ ಗಳಿಸಿದ್ದರ ಪಾಲು, ಹೆಣ್ಣಿಗೆ ಆಕೆ ಗಳಿಸಿದ್ದರ ಪಾಲು ಎಂಬ ತತ್ವವನ್ನು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯ ಸ್ಪಷ್ಟವಾಗಿ ಹೇಳಿದೆ. ಮಹರ್ ಆಕೆಯದು, ತವರಿನ ಪಾಲು ಆಕೆಯದು, ಗಳಿಕೆಯೂ ಆಕೆಯದು. ಮನೆ ನಡೆಸುವ ಹೊಣೆ ಗಂಡನದು. ಹೆಂಡತಿ ಮನಸಾರೆ ಕೊಟ್ಟರೆ ಅದು ಆಕೆಯ ಔದಾರ್ಯ. ಕಸಿದುಕೊಂಡರೆ ಅದಕ್ಕೆ ಬೇರೆ ಹೆಸರಿದೆ.

ಇನ್ನೊಂದು ಸಂಗತಿ. ಅಮೀರ್‌ಬಾಯಿ ಖ್ಯಾತಿಗೆ ಬರುವ ಕೆಲವೇ ವರ್ಷ ಮುಂಚೆ, 1939ರಲ್ಲಿ, ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆ ಬಂದಿತ್ತು. ಮುಸ್ಲಿಮ್ ಮಹಿಳೆ ನ್ಯಾಯಾಲಯದ ಮೂಲಕ ವಿಚ್ಛೇದನ ಕೇಳಬಹುದಾದ ಕಾರಣಗಳನ್ನು ಅದು ಪಟ್ಟಿ ಮಾಡಿದೆ. ಹೊಡೆತ ಬಡಿತದ ಕ್ರೌರ್ಯ ಅದರಲ್ಲಿದೆ. ಗಂಡ ಹೆಂಡತಿಯ ಆಸ್ತಿಯನ್ನು ಪರಭಾರೆ ಮಾಡುವುದು, ಅದರ ಮೇಲಿನ ಆಕೆಯ ಹಕ್ಕು ಚಲಾಯಿಸದಂತೆ ತಡೆಯುವುದು ಕೂಡ ಕ್ರೌರ್ಯವೇ ಎಂದು ಆ ಕಾಯ್ದೆ ಹೇಳುತ್ತದೆ. ಇದು ಇಂದಿಗೂ ಜಾರಿಯಲ್ಲಿದೆ. ನಮ್ಮ ಎಷ್ಟು ಹೆಣ್ಣುಮಕ್ಕಳಿಗೆ ಇದು ಗೊತ್ತು? ಎಷ್ಟು ಜಮಾಅತ್‌ಗಳಲ್ಲಿ ಇದನ್ನು ಹೇಳಿಕೊಡುತ್ತಾರೆ? ಪ್ರವಾದಿವರ್ಯರ(ಸ) ಕಾಲದಲ್ಲೇ ಸಾಬಿತ್ ಬಿನ್ ಕೈಸ್‌ರ ಪತ್ನಿ ಮಹರ್ ಆಗಿ ಪಡೆದ ತೋಟವನ್ನು ಹಿಂದಿರುಗಿಸಿ ಬಿಡುಗಡೆ ಪಡೆದ ಘಟನೆಯನ್ನು ನಾವು ಭಾಷಣಗಳಲ್ಲಿ ಹೇಳುತ್ತೇವೆ. ಆದರೆ ಪಕ್ಕದ ಮನೆಯ ಹೆಣ್ಣುಮಗಳು ಖುಲಾ ಬೇಕೆಂದು ಬಂದರೆ ‘ತಾಳಿಕೊಳ್ಳಮ್ಮಾ’ ಎಂದು ವಾಪಸ್ ಕಳಿಸುತ್ತೇವೆ.

ಅಮೀರ್‌ಬಾಯಿ ತಾಳಿಕೊಂಡು ಕೂರಲಿಲ್ಲ. ಹಿತೈಷಿಗಳ ನೆರವಿನಿಂದ ಆ ಮದುವೆಯಿಂದ ಹೊರಬಂದರು. ದೇಶ ವಿಭಜನೆಯ ನಂತರ ಹಿಮಾಲಯವಾಲಾ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಚಿತ್ರಗಳಲ್ಲಿ ನಟನೆ ಮುಂದುವರಿಸಿದ. ಆ ದಿನಗಳಲ್ಲಿ ಮುಂಬಯಿಯ ಎಷ್ಟೋ ಮುಸ್ಲಿಮ್ ಕಲಾವಿದರು ಗಡಿ ದಾಟಿದರು, ನೂರ್‌ಜಹಾನ್ ಅವರಂತಹ ದೊಡ್ಡ ಗಾಯಕಿಯೂ ಹೋದರು. ಅಮೀರ್‌ಬಾಯಿ ಹೋಗಲಿಲ್ಲ. ಮುಂದೆ ‘ಪಾರಸ್’ ಪತ್ರಿಕೆಯ ಸಂಪಾದಕರಾಗಿದ್ದ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾದರು, ಉಳಿದ ಬದುಕು ನೆಮ್ಮದಿಯಿಂದ ಕಳೆಯಿತು. ಈ ಎರಡನೆಯ ಮದುವೆಯ ಬಗ್ಗೆ, ಅಕ್ಕನ ಮದುವೆಯ ಬಗ್ಗೆ ಓದುಗರಲ್ಲಿ ಕೆಲವರಿಗೆ ಕಸಿವಿಸಿ ಆಗಬಹುದು. ಬದುಕು ನಡೆದ ಹಾಗೆ ಹೇಳಿದ್ದೇನೆ, ತಿದ್ದಿ ಬರೆಯುವ ಹಕ್ಕು ನನ್ನದಲ್ಲ.

1949ರಲ್ಲಿ ‘ಮಹಲ್’, ‘ಬರ್ಸಾತ್’, ‘ಅಂದಾಜ್’ ಚಿತ್ರಗಳು ಒಂದರ ಹಿಂದೊಂದು ಬಂದು ಲತಾರ ಯುಗ ಶುರುವಾಯಿತು. ತೂಕದ ದನಿಗಳ ಕಾಲ ಮುಗಿಯಿತು. ಹಾಡುಗಳು ಕಡಿಮೆಯಾದಾಗ ಅಮೀರ್‌ಬಾಯಿ ಮತ್ತೆ ನಟನೆಗೆ ಹಿಂದಿರುಗಿ ಪೋಷಕ ಪಾತ್ರಗಳನ್ನು ಮಾಡಿದರು. ದೊಡ್ಡ ಹೆಸರು ಮಾಡಿದವರಿಗೆ ಸಣ್ಣ ಪಾತ್ರ ಒಪ್ಪಿಕೊಳ್ಳುವುದು ಸುಲಭವಲ್ಲ. ಆಕೆ ಒಪ್ಪಿಕೊಂಡರು.

ಗಳಿಸಿದ್ದನ್ನೆಲ್ಲ ಕಳೆದುಕೊಂಡು ಕೊನೆಗಾಲದಲ್ಲಿ ಬೀದಿಗೆ ಬಿದ್ದ ಕಲಾವಿದರ ಕಥೆ ನಾವು ಬೇಕಾದಷ್ಟು ಓದಿದ್ದೇವೆ. ಅಮೀರ್‌ಬಾಯಿ ತವರುಸೀಮೆಯ ವಿಜಾಪುರದಲ್ಲಿ ಚಿತ್ರಮಂದಿರ ಕಟ್ಟಿಸಿದರು: ಅಮೀರ್ ಟಾಕೀಜ್. ಸಂಜೆಯ ಆಟಕ್ಕೆ ಸುತ್ತಲಿನ ಹಳ್ಳಿಗಳಿಂದ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದ ಜನರಿಗೆ ಅದು ಬರೀ ಒಂದು ಥಿಯೇಟರ್. ಆದರೆ ಬಾಗಿಲ ಮೇಲೆ ಒಬ್ಬ ಹೆಣ್ಣುಮಗಳ ಹೆಸರಿತ್ತು, ಗಂಡನ ಹೆಸರಲ್ಲ, ತಂದೆಯ ಹೆಸರಲ್ಲ.

ಹೆಸರಿನ ಮಾತು ಬಂತು. ಈ ಅಕ್ಕತಂಗಿಯರ ಹೆಸರಿನ ಕೊನೆಗೆ ಇರುವ ‘ಕರ್ನಾಟಕಿ’ ಎಂಬ ಪದವನ್ನು ಇನ್ನೊಮ್ಮೆ ನೋಡಿ. ಅವರು ಈ ಹೆಸರಿನಿಂದ ಪ್ರಸಿದ್ಧರಾದಾಗ ಭೂಪಟದಲ್ಲಿ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ. ಬೀಳಗಿ, ವಿಜಾಪುರ ಮುಂಬಯಿ ಪ್ರಾಂತದಲ್ಲಿದ್ದವು. ಜಮಖಂಡಿ, ಮುಧೋಳ ಸಂಸ್ಥಾನಗಳಾಗಿದ್ದವು. ಏಕೀಕರಣ ಆದದ್ದು 1956ರಲ್ಲಿ, ಅದೂ ಮೈಸೂರು ರಾಜ್ಯ ಎಂಬ ಹೆಸರಿನಲ್ಲಿ. ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಆ ಹೆಸರಿಗಾಗಿ ಸಭೆ, ಮೆರವಣಿಗೆ, ಹೋರಾಟ ನಡೆಯುತ್ತಿದ್ದ ದಶಕಗಳಲ್ಲೇ ಬೀಳಗಿಯ ಇಬ್ಬರು ಮುಸ್ಲಿಮ್ ಹೆಣ್ಣುಮಕ್ಕಳು ಅದನ್ನು ತಮ್ಮ ಹೆಸರಿಗೆ ಅಂಟಿಸಿಕೊಂಡು ಮುಂಬಯಿ, ಪುಣೆಯ ಸ್ಟುಡಿಯೋ, ರಂಗಮಂದಿರಗಳಲ್ಲಿ ಓಡಾಡಿದ್ದರು. ಕನ್ನಡದಲ್ಲಿ ಅಮೀರ್‌ಬಾಯಿಯ ಬದುಕನ್ನು ಪುಸ್ತಕವಾಗಿ ಬರೆದವರು ಡಾ. ರಹಮತ್ ತರೀಕೆರೆ. ಸಿಕ್ಕರೆ ಓದಿ, ನಿಮ್ಮ ಊರಿನ ವಾಚನಾಲಯದಲ್ಲಿ ಇಲ್ಲದಿದ್ದರೆ ತರಿಸಲು ಹೇಳಿ.

1965ರ ಮಾರ್ಚ್ 3ರಂದು ಅಮೀರ್‌ಬಾಯಿ ತೀರಿಕೊಂಡರು. ಲಕ್ವ ಹೊಡೆದು ನಾಲ್ಕೇ ದಿನ. ಅಕ್ಕ ಹೋಗಿ ಆಗಿನ್ನೂ ಹೆಚ್ಚು ದಿನ ಕಳೆದಿರಲಿಲ್ಲ. ಮೂರು ದಶಕ ದುಡಿದ ಮುಂಬಯಿಯ ಮಣ್ಣಿಗೆ ಸೇರಲಿಲ್ಲ ಆಕೆ. ವಿಜಾಪುರಕ್ಕೆ ತಂದು ದಫನ್ ಮಾಡಲಾಯಿತು. ಬೀಳಗಿಯಿಂದ ಹೊರಟ ಬಸ್ಸು ಕೊರ್ತಿ-ಕೊಲ್ಹಾರದ ಸೇತುವೆ ದಾಟಿ ಕೃಷ್ಣೆಯ ಆಚೆ ದಡ ಹತ್ತಿದರೆ ಮುಂದೆ ವಿಜಾಪುರವೇ. ಈಗ ಅದರ ಹೆಸರು ವಿಜಯಪುರ. ಮುಂದಿನ ಸಲ ಆ ದಾರಿಯಲ್ಲಿ ಹೋಗುವಾಗ ಆಕೆಗಾಗಿ ಒಂದು ದುಆ ಮಾಡಿ.